ಆಟದ ಕಾರಿನ ತಲೆಮಾರುಗಳು

(ಸಂಘದ ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)



ಭಾಷೆ ಕಲಿಸುವ ಮಾಸ್ತರರು ರಿಮೋಟ್ ಕಾರಿನ ಬಗ್ಗೆ ಮಾತನಾಡುತ್ತಾರಂತೆ ಎಂದು ಹಿಂದಿನ ಸಾಲಿನ ಹುಡುಗರು ನಗುತ್ತಿದ್ದಾರೆ. ನಗಲಿ. ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಪ್ರತಿವರ್ಷ ಕಾಣುವ ಒಂದು ಸಂಗತಿ ನನ್ನನ್ನು ಈ ವಿಷಯಕ್ಕೆ ತಂದಿದೆ. ಮಕ್ಕಳು ರಾತ್ರಿ ನಿದ್ದೆಗೆಟ್ಟು ಮಾದರಿ ತಯಾರಿಸುತ್ತಾರೆ, ಬಹುಮಾನ ಹಂಚುತ್ತೇವೆ, ಮರುದಿನ ಅದು ಕಸಕ್ಕೆ ಹೋಗುತ್ತದೆ. ಮುಂದಿನ ವರ್ಷ ಮತ್ತೆ ಮೊದಲಿನಿಂದ. ನಮ್ಮ ಮಾದರಿಗಳಿಗೆ ಎರಡನೇ ತಲೆಮಾರು ಎಂಬುದೇ ಇಲ್ಲ. ಸ್ಪರ್ಧೆಯ ರಿಮೋಟ್ ಕಾರಿಗೆ ಅದು ಇದೆ.

ನಾನು ಹೇಳುತ್ತಿರುವುದು ಜಾತ್ರೆಯಲ್ಲಿ ಸಿಗುವ ಆಟಿಕೆಯಲ್ಲ. ‘ಬಗ್ಗಿ’ ಎಂದು ಕರೆಯುವ, ಹಳ್ಳದಿಣ್ಣೆಯ ಮಣ್ಣಿನಲ್ಲಿ ಹಾರುತ್ತ ಓಡುವ, ದೊಡ್ಡ ಕಾರಿನ ಹತ್ತನೇ ಒಂದು ಅಳತೆಯ ಬಂಡಿ. ತಿರುಪು ತಿರುಪನ್ನೂ ಬಿಚ್ಚಿ ಮತ್ತೆ ಜೋಡಿಸಬಹುದು. 1979ರಲ್ಲಿ ಜಪಾನಿನ ತಮಿಯಾ ಕಂಪನಿ ‘ರಫ್ ರೈಡರ್’ ಎಂಬ ಬಗ್ಗಿಯನ್ನು ತಂದಿತು. ಫೋಕ್ಸ್‌ವ್ಯಾಗನ್ ಭಾಗಗಳಿಂದ ಕಟ್ಟುತ್ತಿದ್ದ ದೊಡ್ಡ ಬಗ್ಗಿಗಳ ನಕಲು ಅದು, ನೋಡಲು ಬಹಳ ಚೆಂದ. 1984ರಲ್ಲಿ ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿ ‘ಆರ್‌ಸಿ10’ ತಂದಾಗ ಯೋಚನೆಯೇ ಬೇರೆಯಾಯಿತು. ಅದು ಯಾವ ದೊಡ್ಡ ಕಾರನ್ನೂ ಹೋಲಬೇಕಾಗಿರಲಿಲ್ಲ, ಗೆಲ್ಲಬೇಕಾಗಿತ್ತು. ಚಿನ್ನದ ಬಣ್ಣದ ಅಲ್ಯೂಮಿನಿಯಂ ತಳ, ನಾಲ್ಕು ಚಕ್ರಗಳಿಗೂ ಸ್ವತಂತ್ರ ತೋಳು, ಎಣ್ಣೆ ತುಂಬಿದ ಶಾಕ್ ಅಬ್ಸಾರ್ಬರ್. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಎರಡು ಚಕ್ರ ಚಾಲನೆಯ ವಿಭಾಗವನ್ನು ಜೇ ಹಾಲ್ಸಿ ಇದೇ ಕಾರಿನಲ್ಲಿ ಗೆದ್ದರು.

ಶಾಕ್ ಅಬ್ಸಾರ್ಬರನ್ನೇ ನೋಡಿ. ಬರೀ ಸ್ಪ್ರಿಂಗ್ ಇದ್ದರೆ ಕಾರು ಕುಪ್ಪಳಿಸುತ್ತಲೇ ಇರುತ್ತದೆ. ಎಣ್ಣೆಯೊಳಗೆ ಸಣ್ಣ ತೂತುಗಳಿರುವ ಪಿಸ್ಟನ್ ಚಲಿಸಿದಾಗ ಆ ಕುಪ್ಪಳಿಕೆ ಅಡಗುತ್ತದೆ. ತೂತು ದೊಡ್ಡದಾದರೆ ಮೆದು, ಎಣ್ಣೆ ಗಟ್ಟಿಯಾದರೆ ಬಿಗಿ. ಆದರೆ ಓಡುತ್ತ ಓಡುತ್ತ ಎಣ್ಣೆ ಕಾದು ತೆಳ್ಳಗಾಗುತ್ತದೆ; ಮೊದಲ ಸುತ್ತಿನಲ್ಲಿದ್ದ ಹಿಡಿತ ಕೊನೆಯ ಸುತ್ತಿಗೆ ಇರುವುದಿಲ್ಲ. ಆದ್ದರಿಂದ ಮುಂದಿನ ತಲೆಮಾರುಗಳಲ್ಲಿ ಶಾಕ್‌ನ ಕೊಳವೆ ಅಗಲವಾಯಿತು, ಹೆಚ್ಚು ಎಣ್ಣೆ ಹಿಡಿಯಿತು.

ಇದೆಲ್ಲ ತಿಳಿದದ್ದು ಹೇಗೆ? ಬರೆದಿಟ್ಟಿದ್ದರಿಂದ. ಯಾವ ಎಣ್ಣೆ, ಯಾವ ಸ್ಪ್ರಿಂಗ್, ಯಾವ ಟಯರು, ಅಂದು ಮಣ್ಣು ಒಣಗಿತ್ತೋ ಹಸಿಯಾಗಿತ್ತೋ, ಎಲ್ಲವನ್ನೂ ರೇಸರ್‌ಗಳು ಒಂದು ಹಾಳೆಯಲ್ಲಿ ಗುರುತು ಹಾಕಿಡುತ್ತಾರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುತ್ತಾರೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲವಲ್ಲ! ಇಂದು ರೇಸರ್ ತನ್ನ ಕೈಯಾರೆ ಕೊರೆದುಕೊಂಡ ತೂತು, ನಾಳೆಯ ಮಾದರಿಯಲ್ಲಿ ಕಾರ್ಖಾನೆಯಿಂದಲೇ ಕೊರೆದು ಬರುವುದುಂಟು. ಉರ್ದುವಿನಲ್ಲಿ ‘ತಜ್ರಿಬಾ’ ಎಂದರೆ ಅನುಭವವೂ ಹೌದು, ಪ್ರಯೋಗವೂ ಹೌದು. ಕನ್ನಡದಲ್ಲಿ ಇವಕ್ಕೆ ಎರಡು ಪದಗಳಿವೆ. ಈ ಕೆಲಸಕ್ಕೆ ಉರ್ದುವಿನ ಒಂದೇ ಪದ ಚೆನ್ನಾಗಿ ಹೊಂದುತ್ತದೆ. ಮುಂದಿನ ಪ್ರದರ್ಶನಕ್ಕೆ ಬರುವವರು ಕಳೆದ ವರ್ಷದ ಮಾದರಿಯನ್ನೂ, ಅದು ಎಲ್ಲಿ ಕೈಕೊಟ್ಟಿತೆಂದು ಬರೆದ ಒಂದು ಹಾಳೆಯನ್ನೂ ಪಕ್ಕದಲ್ಲಿಡಲಿ ಎಂದು ಸಂಘದ ಹಿರಿಯರಲ್ಲಿ ಕೇಳಿಕೊಳ್ಳುತ್ತೇನೆ. ಅದಕ್ಕೂ ಒಂದಿಷ್ಟು ಅಂಕ ಇರಲಿ.

ದೊಡ್ಡ ಬದಲಾವಣೆ ಆದದ್ದು ಮೋಟಾರಿನ ಜಾಗದಲ್ಲಿ. ಅರಬೈಲ್ ಘಾಟ್ ಹತ್ತುವ ಚಾಲಕರನ್ನು ಕೇಳಿ ನೋಡಿ: ಮಳೆಗಾಲದಲ್ಲಿ ಖಾಲಿ ಲಾರಿಯ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತದೆ, ಲೋಡು ಬಿದ್ದಾಗ ನೆಲ ಕಚ್ಚುತ್ತದೆ. ಆರ್‌ಸಿ10ರಲ್ಲಿ ಮೋಟಾರು ಹಿಂದಿನ ಅಚ್ಚಿನ ಹಿಂದೆ ಇದ್ದದ್ದರಿಂದ ಭಾರ ಹಿಂದಿನ ಚಕ್ರಗಳ ಮೇಲೆ ಬೀಳುತ್ತಿತ್ತು. ಸಡಿಲ ಮಣ್ಣಿಗೆ ಅದೇ ಸರಿ. ಮುಂದೆ ಸ್ಪರ್ಧೆಗಳು ಗಟ್ಟಿ ಜೇಡಿ, ಕಾರ್ಪೆಟ್, ಕೃತಕ ಹುಲ್ಲಿನ ಮೇಲೆ ನಡೆಯತೊಡಗಿದವು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಹೋಗಿ ಹಗುರವಾದ ಲಿಥಿಯಂ ಪಾಲಿಮರ್ ಬಂತು, ಬ್ರಶ್ ಇಲ್ಲದ ಬಲವಾದ ಮೋಟಾರು ಬಂತು. ನೆಲವೇ ಹಿಡಿತ ಕೊಡುವಾಗ ಹಿಂದಿನ ಭಾರ ಬೇಡವಾಯಿತು. ತಿರುವಿನಲ್ಲಿ ಅದು ಬಾಲದಂತೆ ಬೀಸಿ ಕಾರನ್ನು ಎಳೆಯುತ್ತಿತ್ತು. ಹಾಗಾಗಿ ಮೋಟಾರು ಅಚ್ಚಿನ ಮುಂದಕ್ಕೆ, ಕಾರಿನ ನಡುವಿಗೆ ಸರಿಯಿತು. 2011ರ ಲೋಸಿ 22 ಕಾರನ್ನು ಎರಡು ರೀತಿಯಲ್ಲೂ ಜೋಡಿಸಬಹುದಿತ್ತು. ಅಸೋಸಿಯೇಟೆಡ್‌ನವರೂ ತಮ್ಮ ಬಿ5 ಮಾದರಿಯನ್ನು ಹಿಂದೆ ಮೋಟಾರಿನದು ಒಂದು, ನಡುವೆ ಮೋಟಾರಿನದು ಒಂದು ಎಂದು ಎರಡು ಮಾಡಿದರು. ಆಮೇಲಿನ ಬಿ6ರಲ್ಲೂ ಹಿಡಿತದ ನೆಲಕ್ಕೆ ಬೇರೆ, ಮಣ್ಣಿಗೆ ಬೇರೆ.

ಹಳೆಯದಕ್ಕೂ ಗಿರಾಕಿ ಇದ್ದಾರೆ. 2013ರಲ್ಲಿ ಅದೇ ಕಂಪನಿ ಮೊದಲಿನ ಆರ್‌ಸಿ10ನ್ನು, ಆ ಚಿನ್ನದ ಬಣ್ಣದ ತಳದ ಸಮೇತ, ಮತ್ತೆ ಮಾರುಕಟ್ಟೆಗೆ ತಂದಿತು. ನಮ್ಮ ಸುಂಕಸಾಳದ ಬೇಸಿಗೆಯ ಧೂಳಿನಲ್ಲಿ ಓಡಿಸು ಎಂದು ಯಾರಾದರೂ ನನಗೆ ಒಂದು ಬಗ್ಗಿ ಕೊಟ್ಟರೆ, ಹಿಂದೆ ಮೋಟಾರು ಇರುವುದನ್ನೇ ಕೇಳಿ ಪಡೆಯುತ್ತೇನೆ.