ಸ್ಕ್ಯಾನಿಂಗ್ ಚಿತ್ರಕ್ಕೊಂದು ತೂಬು



ವೈದ್ಯಕೀಯ ಚಿತ್ರಗಳ ಮಾನಕದ ಬಗ್ಗೆ ಮಾತುಕತೆ ಸಾಮಾನ್ಯವಾಗಿ ನಡೆಯುವುದು ಬೆಂಗಳೂರಿನಲ್ಲಿ. ಫಿಲಿಪ್ಸ್ ತನ್ನ ಸಾಫ್ಟ್‌ವೇರ್ ಕೇಂದ್ರವನ್ನು ಅಲ್ಲಿ ತೆರೆದದ್ದು 1996ರಲ್ಲಿ. ಜಿ.ಇ.ಯ ಜಾನ್ ವೆಲ್ಚ್ ಕೇಂದ್ರ ವೈಟ್‌ಫೀಲ್ಡಿಗೆ ಬಂದದ್ದು 2000ದಲ್ಲಿ. 2002ರಲ್ಲಿ ಶುರುವಾದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್‌ನ ವೈದ್ಯರು ಅಮೆರಿಕದ ಆಸ್ಪತ್ರೆಗಳ ನಡುರಾತ್ರಿಯ ಸ್ಕ್ಯಾನ್‌ಗಳನ್ನು ನಮ್ಮ ಹಗಲಿನಲ್ಲಿ ಕೂತು ಓದಿದರು. ಆ ಚಿತ್ರಗಳು ಸಾಗರ ದಾಟಿ ನಿಮಿಷಗಳಲ್ಲಿ ಬರುತ್ತವೆ. ತೂಬಗೆರೆ ಹೋಬಳಿಯ ರೋಗಿಯ ಚಿತ್ರ ಬೆಂಗಳೂರಿಗೆ ಹೋಗುವುದು ಮಾತ್ರ ಇಂದಿಗೂ ಬಸ್ಸಿನಲ್ಲಿ, ದೊಡ್ಡ ಬಿಳಿ ಕವರಿನೊಳಗೆ, ಮಗನ ಕಂಕುಳಲ್ಲಿ. ಈ ಸಂಕಿರಣ ತೂಬಗೆರೆಯಲ್ಲೇ ನಡೆಯಬೇಕೆಂದು ನಾನು ಹಟ ಹಿಡಿದದ್ದು ಅದಕ್ಕೇ.

ಕೆಲವು ವರ್ಷಗಳ ಹಿಂದಿನ ಮಾತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಮುಗಿಸಿ ಊರಿಗೆ ಮರಳುತ್ತಿದ್ದ ರೈತರೊಬ್ಬರು ಬೈಕಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದರು. ಒಂದು ಕಡೆ ಸಿ.ಟಿ. ಮಾಡಿಸಿ ನಾನಿದ್ದ ಆಸ್ಪತ್ರೆಗೆ ಕಳಿಸಿದರು. ಮಗ ಕವರು ಕೊಟ್ಟ. ಫಿಲಂನಲ್ಲಿ ಮೆದುಳು ಕಾಣುತ್ತಿತ್ತು. ತಲೆಬುರುಡೆ ಬರೀ ಬಿಳಿ ಪಟ್ಟಿ, ಅದರಲ್ಲಿ ಬಿರುಕಿದೆಯೋ ಇಲ್ಲವೋ ಹೇಳುವಂತಿರಲಿಲ್ಲ. ಜೊತೆಗೊಂದು ಸಿ.ಡಿ. ಇತ್ತು. ನಮ್ಮ ಕಂಪ್ಯೂಟರುಗಳಿಗೆ ಡ್ರೈವ್ ಇರಲಿಲ್ಲ. ಎಲ್ಲಿಂದಲೋ ಒಂದು ತಂದು ಹಾಕಿದರೆ, ಅದರೊಳಗಿನ ವೀಕ್ಷಕ ತಂತ್ರಾಂಶ ಹಳೆಯ ವಿಂಡೋಸ್ ಕೇಳಿತು. ಕೊನೆಗೆ ಅವರನ್ನು ಮತ್ತೆ ಯಂತ್ರದೊಳಗೆ ಮಲಗಿಸಿದೆವು. ತಲೆಯ ಒಂದು ಸಿ.ಟಿ.ಗೆ ತಗಲುವ ವಿಕಿರಣ ಸುಮಾರು 2 ಮಿಲಿಸೀವರ್ಟ್. ನೆಲದಿಂದ, ಗಾಳಿಯಿಂದ, ಆಕಾಶದಿಂದ ನಮಗೆ ಸಹಜವಾಗಿ ಬರುವ ಒಂದು ವರ್ಷದ ವಿಕಿರಣವೂ ಹೆಚ್ಚುಕಡಿಮೆ ಅಷ್ಟೇ. ಅದನ್ನು ಆ ಮನುಷ್ಯ ಒಂದೇ ಸಂಜೆ ಎರಡು ಸಲ ಹೊತ್ತರು, ಎರಡು ಸಲ ದುಡ್ಡೂ ಕಟ್ಟಿದರು.

ಫಿಲಂನಲ್ಲಿ ಮೂಳೆ ಏಕೆ ಕಾಣಲಿಲ್ಲ? ಸಿ.ಟಿ. ಯಂತ್ರ ತೆಗೆಯುವುದು ಫೋಟೊ ಅಲ್ಲ, ಅಂಕಿಗಳನ್ನು. ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರದಲ್ಲಿ 1971ರಲ್ಲಿ ಲಂಡನ್ನಿನ ಮೊದಲ ರೋಗಿ ಮಲಗಿದಾಗಿನಿಂದಲೂ ಹಾಗೆಯೇ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಗಟ್ಟಿ ಮೂಳೆಗೆ ಸಾವಿರದ ಆಸುಪಾಸು. ಮೆದುಳಿಗೂ ಹೊಸದಾಗಿ ಹೆಪ್ಪುಗಟ್ಟಿದ ರಕ್ತಕ್ಕೂ ನಡುವಿನ ಅಂತರ ಕೆಲವೇ ಹತ್ತು ಅಂಕಿ. ಇಷ್ಟು ವಿಸ್ತಾರವನ್ನು ಕಣ್ಣು ಒಂದೇ ಸಲ ಹಿಡಿಯಲಾರದು. ಆದ್ದರಿಂದ ಮೆದುಳಿಗೊಂದು, ಮೂಳೆಗೊಂದು, ಶ್ವಾಸಕೋಶಕ್ಕೊಂದು ಕಿಟಕಿ ತೆರೆದು ನೋಡುತ್ತೇವೆ. ಫಿಲಂಗೆ ಹಾಕಿದ ಕೂಡಲೇ ಒಂದು ಕಿಟಕಿ ಉಳಿದು ಮಿಕ್ಕವೆಲ್ಲ ಮುಚ್ಚಿಹೋಗುತ್ತವೆ. ರೋಗಿಯ ಕೈಗೆ ನಾವು ಫಿಲಂ ಕೊಟ್ಟಾಗ ಸ್ಕ್ಯಾನ್ ಕೊಟ್ಟಂತಾಗುವುದಿಲ್ಲ. ಇದನ್ನು ಆಸ್ಪತ್ರೆಯ ಆಡಳಿತದವರು ದಯವಿಟ್ಟು ಗಮನಿಸಬೇಕು.

ಈ ಅಂಕಿಗಳಿಗೆ ಎಲ್ಲ ಯಂತ್ರಗಳಿಗೂ ತಿಳಿಯುವ ಒಂದು ಭಾಷೆ ಬೇಕೆಂದು ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘವೂ ಯಂತ್ರ ತಯಾರಕರ ಸಂಘವೂ ಒಟ್ಟಿಗೆ ಕೂತದ್ದು 1983ರಲ್ಲಿ. 1985ರ ಮೊದಲ ಆವೃತ್ತಿ 50 ಪಿನ್ನಿನ ಕೇಬಲ್ಲನ್ನೇ ನಂಬಿತ್ತು. ನೆಟ್‌ವರ್ಕಿಗೆ ಹೊಂದುವ, ಡೈಕಾಮ್ ಎಂಬ ಹೆಸರಿನ ಆವೃತ್ತಿ ಬಂದದ್ದು 1993ರಲ್ಲಿ. ಇಂದು ಯಾವುದೇ ಸ್ಕ್ಯಾನ್ ಕಡತವನ್ನು ಬಿಚ್ಚಿ ನೋಡಿ: ಮೊದಲ 128 ಬೈಟ್ ಸಾಮಾನ್ಯವಾಗಿ ಖಾಲಿ, ಆಮೇಲೆ ನಾಲ್ಕು ಅಕ್ಷರದ ಗುರುತು, ನಂತರ ಸಾಲಾಗಿ ಟ್ಯಾಗುಗಳು. 0010,0010 ಎಂದರೆ ರೋಗಿಯ ಹೆಸರು. 0018,0050 ಎಂದರೆ ಪದರದ ದಪ್ಪ. 0020,0032 ಎಂದರೆ ಆ ಪದರ ದೇಹದ ಯಾವ ಜಾಗದ್ದು. ಮೂವತ್ತು ವರ್ಷ ದಾಟಿದ ಈ ಏರ್ಪಾಡು ಇವತ್ತಿಗೂ ನಿಂತಿದೆ. 1990ರ ದಶಕದ ಕಡತವನ್ನು ಈಗಲೂ ತೆರೆಯಬಹುದು. ನನಗೆ ಇದರ ಮೇಲೆ ಗೌರವವಿದೆ, ಇದನ್ನು ಕಿತ್ತೆಸೆಯಿರಿ ಎನ್ನುವವರ ಜೊತೆ ನಾನಿಲ್ಲ.

ಆದರೆ ಇದು ಒಂದೊಂದು ಪದರವನ್ನೂ ಒಂದೊಂದು ಫಿಲಂ ಎಂದು ಭಾವಿಸಿದ ಕಾಲದ ರಚನೆ. 512ಕ್ಕೆ 512 ಚುಕ್ಕಿ, ಚುಕ್ಕಿಗೆ ಎರಡು ಬೈಟ್ ಎಂದರೆ ಒಂದು ಪದರಕ್ಕೆ ಅರ್ಧ ಎಂ.ಬಿ. ಈಗಿನ ಒಂದು ಪರೀಕ್ಷೆಯಲ್ಲಿ ಸಾವಿರ ಪದರ ಸಾಮಾನ್ಯ: ಸಾವಿರ ಕಡತ, ಸಾವಿರ ಸಲ ಅದೇ ಹೆಸರು, ಅದೇ ವಯಸ್ಸು, ಒಟ್ಟು ಅರ್ಧ ಜಿ.ಬಿ. ದಾರಿಯಲ್ಲಿ ಒಂದು ಪದರ ಕಳೆದುಹೋದರೆ ಕೆಲವು ವೀಕ್ಷಕಗಳು ಗಮನಿಸದೆ ಮುಂದಿನದನ್ನು ಹಿಂದಿನದಕ್ಕೆ ಅಂಟಿಸುತ್ತವೆ. ಮೂರು ಆಯಾಮದಲ್ಲಿ ಗಡ್ಡೆಯ ಉದ್ದ ತಪ್ಪಾಗಿ ಬರುತ್ತದೆ. ಇಡೀ ದೇಹಭಾಗವನ್ನು ಒಂದೇ ಕಡತದಲ್ಲಿ ಇಡುವ ಬಹುಚೌಕಟ್ಟಿನ ಕ್ರಮ ಮಾನಕಕ್ಕೆ ಸೇರಿ ಸುಮಾರು ಎರಡು ದಶಕವಾಯಿತು. ಬಹಳಷ್ಟು ಸಿ.ಟಿ. ಯಂತ್ರಗಳು ಇನ್ನೂ ಬಿಡಿ ಪದರಗಳನ್ನೇ ಕಳಿಸುತ್ತಿವೆ, ಏಕೆಂದರೆ ಕೊಳ್ಳುವವರು ಕೇಳಲಿಲ್ಲ.

ಈ ಊರಿನ ಹೆಸರಿನಲ್ಲೇ ತೂಬಿದೆ, ಕೆರೆಯಿದೆ. ಕೆರೆ ಕಟ್ಟಿದವರು ನೀರು ನಿಲ್ಲಿಸುವುದನ್ನು ಎಷ್ಟು ಬಲ್ಲರೋ ಬಿಡುವುದನ್ನೂ ಅಷ್ಟೇ ಬಲ್ಲವರಾಗಿದ್ದರು. ನೀರುಗಂಟಿ ತೂಬೆತ್ತಿ ಯಾವ ಗದ್ದೆಗೆ ಎಷ್ಟು ಬೇಕೋ ಅಷ್ಟು ಹರಿಸುತ್ತಿದ್ದ. ನಾವು ಸ್ಕ್ಯಾನ್ ಕಳಿಸುವುದು ಏರಿ ಒಡೆದು ನೀರು ಬಿಟ್ಟ ಹಾಗೆ. ಅರ್ಧ ಜಿ.ಬಿ. ಪೂರ್ತಿ ಬರುವ ತನಕ ವೈದ್ಯರು ಕಾಯಬೇಕು. ಮೊಬೈಲ್ ಸಿಗ್ನಲ್ಲನ್ನು ನೆಚ್ಚಿಕೊಂಡ ಆಸ್ಪತ್ರೆಗೆ ಇದು ಆಗದ ಮಾತು. ಡೈಕಾಮ್‌ನ ವೆಬ್ ರೂಪವಾದ ಡೈಕಾಮ್‌ವೆಬ್ ಬಂದ ಮೇಲೆ ಬ್ರೌಸರಿನಲ್ಲಿ ಕೂತು ಬೇಕಾದ ಪದರವನ್ನಷ್ಟೇ ಕೇಳಿ ಪಡೆಯಬಹುದು. ಈಚೆಗೆ ಮಾನಕಕ್ಕೆ ಸೇರಿದ ಹೈ ಥ್ರೂಪುಟ್ ಜೆಪೆಗ್ 2000 ಎಂಬ ಸಂಕುಚನ ಕ್ರಮದಲ್ಲಿ ಚಿತ್ರ ಮೊದಲು ಮಸುಕಾಗಿ ಬಂದು, ಬೇಕಾದ ಕಡೆ ಮಾತ್ರ ಪೂರ್ತಿ ಸ್ಪಷ್ಟವಾಗುತ್ತ ಹೋಗುವಂತೆ ಮಾಡಬಹುದು, ಅದೂ ಒಂದು ಅಂಕಿಯನ್ನೂ ಕಳೆಯದೆ. ತೂಬು ತಯಾರಾಗಿದೆ, ಕೂರಿಸುವುದು ಬಾಕಿ.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ಬಹಳ ಹತ್ತಿರದ್ದು. ಲಕ್ಷ್ಮಮ್ಮ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಕಡೆ ಕೆ, ಎಸ್, ಎಚ್ ಹಾಕಿ ಬರೆಯುತ್ತಾರೆ, ಇನ್ನೊಂದು ಕಡೆ ಎಕ್ಸ್ ಹಾಕುತ್ತಾರೆ, ಮತ್ತೊಂದು ಕಡೆ ಒಂದು ಎಂ ಬಿಟ್ಟುಬಿಡುತ್ತಾರೆ. ಸರ್ವರಿನ ಲೆಕ್ಕದಲ್ಲಿ ಅವರು ಮೂವರು ಹೆಂಗಸರು. ಹೋದ ವರ್ಷದ ಸ್ಕ್ಯಾನಿಗೂ ಈ ವರ್ಷದ್ದಕ್ಕೂ ಸಂಬಂಧವೇ ಇಲ್ಲ. ಜಪಾನಿ, ಕೊರಿಯನ್, ಥಾಯ್, ಅರಬ್ಬಿ, ಗ್ರೀಕ್ ಲಿಪಿಗಳಿಗೆ ಡೈಕಾಮ್‌ನಲ್ಲಿ ತಮ್ಮದೇ ಸಂಕೇತಗಳಿವೆ. ಭಾರತದ ಯಾವ ಲಿಪಿಗೂ ಇಲ್ಲ. ಆದರೆ ಯೂನಿಕೋಡಿನ ಯುಟಿಎಫ್-8ಕ್ಕೆ ಮಾನಕದಲ್ಲಿ ಜಾಗವಿದೆ, ಅದರಲ್ಲಿ ಕನ್ನಡ ಸರಾಗವಾಗಿ ಕೂರುತ್ತದೆ. ಅದನ್ನು ಒಪ್ಪುವ ಯಂತ್ರದಲ್ಲಿ ಸೆಟ್ಟಿಂಗ್ ಬದಲಿಸಿ, ಕನ್ನಡದಲ್ಲಿ ಬರೆದ ಹೆಸರನ್ನು ಆಭಾ ಎಂಬ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆಯ ಜೊತೆ ಜೋಡಿಸಿದರೆ ಲಕ್ಷ್ಮಮ್ಮ ಒಬ್ಬರೇ ಆಗುತ್ತಾರೆ.

ಒಬ್ಬರೇ ಆಗಬೇಕಾದ ಅಗತ್ಯ ಎಷ್ಟೆಂಬುದಕ್ಕೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರವನ್ನು ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಅಲ್ಲಿಯ ಹಳ್ಳಿಗಳಲ್ಲಿ 45 ವರ್ಷ ತುಂಬಿದವರ ಮೆದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಸ್ಯಾನ್ಸ್‌ಕಾಗ್ ಅಧ್ಯಯನ ನಡೆಸುತ್ತಿದೆ. ಹತ್ತು ಸಾವಿರ ಜನರ ಗುರಿ, ಎಂ.ಆರ್.ಐ.ಯೂ ಅದರ ಭಾಗ. ಮರೆವಿನ ಕಾಯಿಲೆ ಹೇಗೆ ಶುರುವಾಗುತ್ತದೆ ಎಂಬುದು ಒಂದೇ ಮೆದುಳಿನ ಹಳೆಯ ಮತ್ತು ಹೊಸ ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ತಿಳಿಯುವಂಥದ್ದು. ಯಂತ್ರ ಬದಲಾದರೂ ಕಂಪನಿ ಬದಲಾದರೂ ಆ ಹಳೆಯ ಚಿತ್ರ ತೆರೆಯಬೇಕು. ಖಾಸಗಿ ಟ್ಯಾಗುಗಳಲ್ಲಿ ಮುಖ್ಯ ಮಾಹಿತಿ ಬಚ್ಚಿಡುವ ತಯಾರಕರಿಗೆ ನಾನು ಇದನ್ನು ನೇರವಾಗಿ ಹೇಳುತ್ತೇನೆ: ಆ ಮಾಹಿತಿ ರೋಗಿಯದು, ನಿಮ್ಮದಲ್ಲ.

ದೂರ ನಮಗೆ ಎಂದೂ ಅಡ್ಡಿಯಾಗಿರಲಿಲ್ಲ. 2002ರಷ್ಟು ಹಿಂದೆಯೇ ಇಸ್ರೋದ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾಸ್ಪತ್ರೆ ನಾರಾಯಣ ಹೃದಯಾಲಯದ ವೈದ್ಯರ ಜೊತೆ ಮಾತಾಡಿದೆ. ಕೇಂದ್ರ ಸರ್ಕಾರದ 2016ರ ಆರೋಗ್ಯ ದಾಖಲೆ ಮಾನಕಗಳು ಚಿತ್ರಕ್ಕೆ ಡೈಕಾಮ್ ಎಂದೇ ಹೇಳಿವೆ. ಉಳಿದಿರುವುದು ಟೆಂಡರ್ ಕಾಗದ. ಯಂತ್ರದ ಜೊತೆ ಬರುವ ಡೈಕಾಮ್ ಹೊಂದಾಣಿಕೆ ಹೇಳಿಕೆಯನ್ನು ಕೊಳ್ಳುವ ಮೊದಲೇ ಓದುವವರು ನಮ್ಮಲ್ಲಿ ಕಡಿಮೆ. ಡೈಕಾಮ್‌ವೆಬ್, ಬಹುಚೌಕಟ್ಟು, ಕನ್ನಡ ಹೆಸರು, ರೋಗಿಗೆ ಫಿಲಂ ಬದಲು ತೆರೆಯಬಲ್ಲ ಲಿಂಕ್: ಈ ನಾಲ್ಕನ್ನು ಷರತ್ತಾಗಿ ಬರೆದ ಒಂದು ಪುಟ ಸಾಕು. ನಾಳೆ ಸಂಜೆ ನಾವು ಇಲ್ಲಿಂದ ಏಳುವ ಮುಂಚೆ ಆ ಪುಟದ ಕರಡು ತಯಾರಾಗಲಿ, ಅದರ ಮೊದಲ ಪ್ರತಿ ದೊಡ್ಡಬಳ್ಳಾಪುರದ ಸರ್ಕಾರಿ ಆಸ್ಪತ್ರೆಗೆ ಹೋಗಲಿ ಎಂದು ನಿಮ್ಮೆಲ್ಲರನ್ನೂ ಕೇಳಿಕೊಳ್ಳುತ್ತೇನೆ.