ಮುಂದೇನು ಎಂದು ಮಗುವಿಗೆ ಮೊದಲೇ ತಿಳಿಸಿ

(ಆಸ್ಪತ್ರೆಯಲ್ಲಿ ರೋಗಿಗಳು ಹಾಗೂ ಬಂಧುಗಳಿಗಾಗಿ ಶುಶ್ರೂಷಾ ಶಿಕ್ಷಕಿಯೊಬ್ಬರು ನೀಡಿದ ಉಪನ್ಯಾಸದ ಬರಹರೂಪ)



ನಮ್ಮ ಕೊಡಗಿನಲ್ಲಿ ಮಳೆ ಜೋರಾದರೆ ಶಾಲೆಗೆ ರಜೆ ಘೋಷಣೆಯಾಗುತ್ತದೆ. ಮಕ್ಕಳಿಗೆ ಅದೇ ಹಬ್ಬ. ಆದರೆ ರಜೆ ಎಂದ ಕೂಡಲೇ ಕಿರುಚಿ, ತಲೆಯನ್ನು ಗೋಡೆಗೆ ಚಚ್ಚಿಕೊಳ್ಳುವ ಮಕ್ಕಳೂ ಇದ್ದಾರೆ. ಸಮವಸ್ತ್ರ ತೊಟ್ಟು, ಚೀಲ ಬೆನ್ನಿಗೇರಿಸಿ ನಿಂತ ಮಗುವಿಗೆ ಇವತ್ತು ಶಾಲೆ ಇಲ್ಲ ಎಂದರೆ ಕಾಲಡಿಯ ನೆಲವೇ ಕುಸಿದಂತಾಗುತ್ತದೆ. ನೋಡಿದವರು ಹಠ ಎನ್ನುತ್ತಾರೆ. ಅದು ಹಠವಲ್ಲ, ಭಯ.

ಈ ಸ್ಥಿತಿಗೆ ಆಟಿಸಂ ಅಥವಾ ಸ್ವಲೀನತೆ ಎಂದು ಹೆಸರು. ಇದು ಹುಟ್ಟಿನಿಂದಲೇ ಮಿದುಳು ಬೆಳೆಯುವ ರೀತಿಯಲ್ಲಿರುವ ವ್ಯತ್ಯಾಸ. ಶಾಪವಲ್ಲ, ಅಂಟುರೋಗವಲ್ಲ, ಲಸಿಕೆಯಿಂದ ಬಂದದ್ದೂ ಅಲ್ಲ. ಲಸಿಕೆಯನ್ನು ದೂರಿದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಮನೆಯಲ್ಲಿ ಕೊಡವ ತಕ್ಕ್, ಅಂಗನವಾಡಿಯಲ್ಲಿ ಕನ್ನಡ, ನೆರೆಮನೆಯಲ್ಲಿ ಮಲಯಾಳ ಕೇಳಿ ಮಗುವಿಗೆ ಗೊಂದಲವಾಗಿದೆ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಹಲವು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ. ಆ ಮಾತು ನಂಬಿ ವರ್ಷಗಟ್ಟಲೆ ಕಾಯಬೇಡಿ. ಒಂದು ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ತೋರಿಸಿ ಕೇಳದಿದ್ದರೆ, ಬಂದಿದ್ದ ಮಾತು ನಿಂತುಹೋದರೆ ಮಕ್ಕಳ ವೈದ್ಯರಿಗೆ ತೋರಿಸಿ. ಕಿವಿಯ ಪರೀಕ್ಷೆಯೂ ಆಗಲಿ.

ನನ್ನದೇ ತಪ್ಪೊಂದನ್ನು ಹೇಳಿಬಿಡುತ್ತೇನೆ. ತರಬೇತಿ ಮುಗಿಸಿ ಹೊಸದಾಗಿ ವಾರ್ಡ್‌ಗೆ ಸೇರಿದ್ದೆ. ಏಳು ವರ್ಷದ ಹುಡುಗನೊಬ್ಬ ಚುಚ್ಚುಮದ್ದಿಗೆ ಹೆದರಿ ನೆಲಕ್ಕೆ ಬಿದ್ದ. ನಾಲ್ವರು ಸೇರಿ ಹಿಡಿದೆವು. ಮುದ್ದು ಮಾಡಿ ಕೆಡಿಸಿದ್ದೀರಿ ಎಂದು ತಾಯಿಗೆ ಗದರಿದೆ. ಆಕೆ ಏನೂ ಹೇಳಲಿಲ್ಲ. ಮಗುವನ್ನು ಮತ್ತೆ ಅಲ್ಲಿಗೆ ಕರೆತರಲೂ ಇಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ ಇಂತಹ 11 ಮಕ್ಕಳ ಬಗ್ಗೆ ಬರೆದ ಮೇಲೆ, ತಾಯಿಗೆ ಪ್ರೀತಿ ಇಲ್ಲದ್ದರಿಂದ ಹೀಗಾಗುತ್ತದೆ ಎಂದು ದೊಡ್ಡ ದೊಡ್ಡ ವೈದ್ಯರೇ ಬಹುಕಾಲ ಹೇಳುತ್ತಿದ್ದರು. ಅದು ಸುಳ್ಳೆಂದು ಸಾಬೀತಾಗಿದೆ. ನಮ್ಮ ಬಾಯಿಂದ ಮಾತ್ರ ಇನ್ನೂ ಹೋಗಿಲ್ಲ.

ಆ ಹುಡುಗನಿಗೆ ನಾವು ಮಾಡಬೇಕಾಗಿದ್ದದ್ದು ಇಷ್ಟೇ: ಸೂಜಿ, ಹತ್ತಿ, ಆಮೇಲೆ ಮನೆಗೆ ಹೋಗುವ ಬಸ್ಸು ಎಂದು ಮೊದಲೇ ಚಿತ್ರ ಬರೆದು ತೋರಿಸುವುದು. ಮನೆಯಲ್ಲೂ ಹೀಗೆಯೇ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಹಲ್ಲುಜ್ಜುವುದು, ಸ್ನಾನ, ತಿಂಡಿ, ಶಾಲೆ, ಊಟ, ನಿದ್ದೆ ಎಂದು ಸಾಲಾಗಿ ಬರೆದು ಅಂಟಿಸಿ. ಮುಗಿದ ಕೆಲಸವನ್ನು ಮಗುವೇ ಮುಚ್ಚಲಿ. ಮಳೆಗಾಲಕ್ಕೆ ಶಾಲೆಯ ಚಿತ್ರ, ಮಳೆಯ ಚಿತ್ರ ಎರಡನ್ನೂ ಸಿದ್ಧವಿಡಿ. ರಾತ್ರಿಯೇ ರಜೆ ತಿಳಿದರೆ ಆಗಲೇ ಬದಲಿಸಿ. ಬೆಳಿಗ್ಗೆ ತಿಳಿದರೆ ಸಮವಸ್ತ್ರ ತೊಡಿಸುವ ಮುಂಚೆ ಬದಲಿಸಿ. ಶಾಲೆಯ ಜಾಗದಲ್ಲಿ ಏನು ಎಂಬುದೂ ಚಿತ್ರದಲ್ಲಿರಲಿ. ಖಾಲಿ ಬಿಡಬೇಡಿ. ಹಲವು ಮನೆಗಳಲ್ಲಿ ಅಜ್ಜಿಯ ಇಷ್ಟಲಿಂಗ ಪೂಜೆಯೇ ಮಗುವಿಗೆ ಗಡಿಯಾರ. ಗಂಟೆಯಾಯಿತು, ಇನ್ನು ಊಟ ಎಂದು ಅದಕ್ಕೆ ಗೊತ್ತಿರುತ್ತದೆ.

ಈ ಮಾತನ್ನು ಹಿರಿಯರಿಗೆ ಹೇಳಲು ಸ್ವಲ್ಪ ಸಂಕೋಚ. ಕೊರಳಿನ ದಾರವನ್ನು ಕಿತ್ತೆಸೆಯುವ, ವಿಭೂತಿ ಹಚ್ಚಿದರೆ ಉಜ್ಜಿ ಉಜ್ಜಿ ಅಳುವ ಮಕ್ಕಳಿದ್ದಾರೆ. ಅವರ ಚರ್ಮಕ್ಕೆ ಆ ದಾರ ಮುಳ್ಳಿನಂತೆ ತಾಗುತ್ತಿರಬಹುದು. ತಗಡಿನ ಮಾಡಿನ ಮೇಲೆ ಬೀಳುವ ಮಳೆ, ಕುಕ್ಕರಿನ ಸೀಟಿ, ಜಾತ್ರೆಯ ಮೈಕು ಕಿವಿಯಲ್ಲಿ ಗುಡುಗಿದಂತಾಗಬಹುದು. ಅಪಚಾರವೆಂದು ಹೊಡೆಯಬೇಡಿ. ಮೃದುವಾದ ಹತ್ತಿ ದಾರದಲ್ಲಿ, ದಿನಕ್ಕೆ ಕೆಲವು ನಿಮಿಷ ತೊಡಿಸಿ ರೂಢಿ ಮಾಡಿ. ಆಗದಿದ್ದರೆ ಬಿಡಿ, ಒತ್ತಾಯ ಬೇಡ.

ಇನ್ನೊಂದು, ಇದಕ್ಕೆ ದಯವಿಟ್ಟು ಕಿವಿಗೊಡಿ. ಈ ಮಕ್ಕಳಲ್ಲಿ ಹಲವರು ಹೇಳದೆ ಮನೆಯಿಂದ ಹೊರಟುಬಿಡುತ್ತಾರೆ, ನೀರೆಂದರೆ ಸೆಳೆತ. ನಮ್ಮಲ್ಲಿ ತೋಟ ತೋಟಕ್ಕೂ ಕೆರೆ. ಕಾಫಿ ಕುಯ್ಲಿನಲ್ಲಿ ಎಲ್ಲರೂ ಕೆಲಸದಲ್ಲಿರುವಾಗ ಅಪಾಯ ಹೆಚ್ಚು. ಬಾಗಿಲಿಗೆ ಮೇಲ್ಗಡೆ ಚಿಲಕ ಹಾಕಿಸಿ. ಅಂಗಿಯ ಒಳಗೆ ನಿಮ್ಮ ಫೋನ್ ನಂಬರ್ ಹೊಲಿಯಿರಿ. ರೈಟರಿಗೂ ನೆರೆಯವರಿಗೂ ಹೇಳಿಡಿ. ಮಗು ಕಾಣದಿದ್ದರೆ ಮೊದಲು ಕೆರೆಯ ಕಡೆ ಓಡಿ, ರಸ್ತೆಯನ್ನು ಆಮೇಲೆ ನೋಡಿ.

ಆಟಿಸಂ ವಾಸಿಮಾಡುವ ಔಷಧಿ ಇಲ್ಲ. ಇದೆ ಎನ್ನುವವರಿಗೆ ಹಣ ಕೊಡಬೇಡಿ. ಫಿಟ್ಸ್ ಇದ್ದರೆ ಅದರ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಮಾತಿನ ತರಬೇತಿಗೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಪದೇ ಪದೇ ಹೋಗಲಾಗದವರು ಮನೆಯಲ್ಲಿ ಮಾಡಿಸುವುದನ್ನು ಕಲಿತು ಬನ್ನಿ. 2016ರ ಕಾನೂನಿನಲ್ಲಿ ಆಟಿಸಂ ಅಂಗವೈಕಲ್ಯಗಳ ಪಟ್ಟಿಯಲ್ಲಿದೆ. ಗುರುತಿನ ಚೀಟಿಗೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯ ಬಗ್ಗೆಯೂ ವಿಚಾರಿಸಿ.

ತಂದೆಯಂದಿರಿಗೆ ಒಂದು ಮಾತು. ಈ ಮಕ್ಕಳಲ್ಲಿ ಅನೇಕರಿಗೆ ರಾತ್ರಿ ನಿದ್ದೆ ಕಡಿಮೆ, ಹಾಗಾಗಿ ತಾಯಿಗೂ ಇಲ್ಲ. ವಾರಕ್ಕೆ ಎರಡು ರಾತ್ರಿ ನೀವು ಎದ್ದಿರಿ. ಮಾತ್ರೆ ಬರೆಸಿಕೊಳ್ಳಲು ಬರುವ ಎಷ್ಟೋ ತಾಯಂದಿರಿಗೆ ಬೇಕಿರುವುದು ಅದೇ.

ಪ್ರಸಾದದ ಹೊತ್ತಾಯಿತು. ಸಾಲಿನಲ್ಲಿ ನಿಲ್ಲಲಾಗದ ಮಗು ಜೊತೆಯಲ್ಲಿದ್ದರೆ ಪಕ್ಕದ ಬಾಗಿಲಿನಿಂದ ಬನ್ನಿ. ಬಡಿಸುವವರಿಗೆ ಹೇಳಿದ್ದೇನೆ, ಗದ್ದಲಕ್ಕೆ ಮುಂಚೆ ನಿಮಗೆ ಬಡಿಸುತ್ತಾರೆ.