ಟಿ-ಕೋಶವನ್ನು ಎಬ್ಬಿಸುವವರು ಯಾರು?



ಮೂತ್ರಪಿಂಡದ ಕಸಿ ಮಾಡಿಸಿಕೊಂಡವರನ್ನು ನೀವು ಬಲ್ಲಿರಾದರೆ, ಅವರು ದಿನವೂ ಗಡಿಯಾರ ನೋಡಿಕೊಂಡು ಮಾತ್ರೆ ನುಂಗುವುದನ್ನು ಗಮನಿಸಿರಬಹುದು. ಗಾಯ ಮಾಯ್ದು ವರ್ಷಗಳೇ ಕಳೆದರೂ ಮಾತ್ರೆ ಬಿಡುವಂತಿಲ್ಲ. ಏಕೆ? ಅವರ ರಕ್ತದಲ್ಲಿರುವ ಟಿ-ಕೋಶಗಳೆಂಬ ಬಿಳಿಯ ಕಣಗಳು ಆ ಮೂತ್ರಪಿಂಡವನ್ನು ಪರಕೀಯವೆಂದೇ ಬಗೆಯುತ್ತವೆ. ಅವು ಎಚ್ಚೆತ್ತರೆ ಕಸಿ ಉಳಿಯದು.

ಟಿ-ಕೋಶ ಎಚ್ಚರಗೊಳ್ಳುವ ಬಗೆ ಹೀಗಿದೆ. ಅದರ ಹೊರಪೊರೆಯ ಮೇಲೆ ಗ್ರಾಹಕವೆಂಬ ಪ್ರೋಟೀನು ಉಂಟು. ಇನ್ನೊಂದು ಕೋಶ ಎತ್ತಿ ತೋರಿದ ಪರಕೀಯ ತುಣುಕು ಅದಕ್ಕೆ ತಗುಲಿದೊಡನೆ, ಪೊರೆಯ ಒಳಮೈಯಲ್ಲಿರುವ ಎಲ್‌ಸಿಕೆ ಎಂಬ ಕಿಣ್ವ ಗ್ರಾಹಕದ ಬಾಲಕ್ಕೆ ಫಾಸ್ಫೇಟು ಅಂಟಿಸುತ್ತದೆ. ಆ ಫಾಸ್ಫೇಟನ್ನು ಹಿಡಿದು ಝ್ಯಾಪ್-70 ಎಂಬ ಮತ್ತೊಂದು ಕಿಣ್ವ ಅಲ್ಲಿ ಬಂದು ಕೂರುತ್ತದೆ; ತಾನೂ ಮುಂದಿನ ಪ್ರೋಟೀನುಗಳಿಗೆ ಫಾಸ್ಫೇಟು ಅಂಟಿಸುತ್ತದೆ. ಈ ಒಂದು ಕೊಂಡಿ ಕಳಚಿದರೆ? 1994ರಲ್ಲಿ ವರದಿಯಾದ ಕೆಲವು ಮಕ್ಕಳಲ್ಲಿ ಕೆಲಸ ಮಾಡುವ ಝ್ಯಾಪ್-70 ಇರಲಿಲ್ಲ. ಅವರ ರಕ್ತದಲ್ಲಿ ಒಂದು ಬಗೆಯ ಟಿ-ಕೋಶಗಳು ಬೇಕಾದಷ್ಟಿದ್ದವು. ಆದರೆ ಸೋಂಕು ತಗುಲಿದಾಗ ಏಳಲೇ ಇಲ್ಲ. ಮನೆ ತುಂಬ ಜನ, ಕೂಗಿದರೆ ಓಗೊಡುವವರಿಲ್ಲ!

ಝ್ಯಾಪ್-70 ಸರಿಯಿದ್ದರೆ ಮುಂದೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಅದು ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತದೆ. ಇದರ ಕೆಲಸ ಮಾತ್ರ ವಿರುದ್ಧ; ಇದು ಫಾಸ್ಫೇಟನ್ನು ಕೀಳುತ್ತದೆ. ಎನ್‌ಫ್ಯಾಟ್ ಎಂಬ ಪ್ರೋಟೀನಿನಿಂದ ಫಾಸ್ಫೇಟು ಕಳಚಿತೆಂದರೆ ಅದು ಕೋಶಕೇಂದ್ರವನ್ನು ಹೊಕ್ಕು ಇಂಟರ್‌ಲ್ಯೂಕಿನ್-2ರ ಜೀನನ್ನು ಎಬ್ಬಿಸಲು ನೆರವಾಗುತ್ತದೆ. ಒಂದಿದ್ದ ಟಿ-ಕೋಶ ಹಲವಾಗುತ್ತದೆ. (ಗ್ರಾಹಕದ ಸಂಕೇತವೊಂದೇ ಸಾಲದು, ಸಿಡಿ-28 ಎಂಬ ಪ್ರೋಟೀನಿನ ಮೂಲಕ ಎರಡನೆಯ ಸಂಕೇತವೂ ಬೇಕು. ಅದರ ಕಥೆ ಉದ್ದ, ಇಲ್ಲಿ ಬಿಡೋಣ.)

ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಒಂದು ಶಿಲೀಂಧ್ರ ಸೈಕ್ಲೋಸ್ಪೊರಿನ್ ಎಂಬ ವಸ್ತುವನ್ನು ತಯಾರಿಸುತ್ತದೆ. ಅದು ರೋಗನಿರೋಧಕ ಕೋಶಗಳನ್ನು ತಣ್ಣಗಾಗಿಸುವುದೆಂದು 1972ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಗೊತ್ತಾಯಿತು. 1983ರಲ್ಲಿ ಅಮೆರಿಕ ಅದನ್ನು ಔಷಧವೆಂದು ಮಾನ್ಯಮಾಡಿತು. ಆದರೆ ಅದು ಸೈಕ್ಲೋಫಿಲಿನ್ ಎಂಬ ಪ್ರೋಟೀನಿನೊಡನೆ ಕೂಡಿ ಕ್ಯಾಲ್ಸಿನ್ಯೂರಿನನ್ನು ಕಟ್ಟಿಹಾಕುತ್ತದೆಂದು ತಿಳಿದದ್ದು 1991ರಲ್ಲಿ! ಮೊದಲು ಗುಣ, ಆಮೇಲೆ ಕಾರಣ. ವೈದ್ಯಶಾಸ್ತ್ರದಲ್ಲಿ ಇದು ಅಪರೂಪವೇನಲ್ಲ. ಇಂದು ಹೆಚ್ಚಾಗಿ ಕೊಡುವ ಟ್ಯಾಕ್ರೊಲಿಮಸ್ ಕೂಡ ಇದೇ ಕಿಣ್ವವನ್ನು ತಡೆಯುತ್ತದೆ.

ತೊಡಕೂ ಇಲ್ಲೇ ಇದೆ. ಕ್ಯಾಲ್ಸಿನ್ಯೂರಿನ್ ಟಿ-ಕೋಶದ ಸ್ವಂತ ಸೊತ್ತಲ್ಲ. ದೇಹದ ಬೇರೆ ಕೋಶಗಳಲ್ಲೂ ಅದಕ್ಕೆ ಕೆಲಸವಿದೆ. ಮಾತ್ರೆ ಹೆಚ್ಚಾದರೆ, ಯಾವ ಮೂತ್ರಪಿಂಡವನ್ನು ಉಳಿಸಲು ಕೊಟ್ಟರೋ ಅದೇ ಕೆಡಬಹುದು. ಕಡಿಮೆಯಾದರೆ ಟಿ-ಕೋಶ ಎದ್ದೀತು. ಆದ್ದರಿಂದಲೇ ಕಸಿಯಾದವರು ಮತ್ತೆ ಮತ್ತೆ ರಕ್ತ ಕೊಟ್ಟು ಔಷಧದ ಮಟ್ಟವನ್ನು ಅಳೆಸಿಕೊಳ್ಳುತ್ತಾರೆ.